ಸೆರೆಂಗೆಟಿಯ ಹಿಂಡಿನ ಹಿಂದೆ ಹಟ್ಟಿಯ ದನವಿದೆ

ತಾಂಜಾನಿಯಾದ ಸೆರೆಂಗೆಟಿಗೆ ಹೋಗಿ ಬಂದ ನಮ್ಮವರು ಹಾಕುವ ಫೋಟೊಗಳಲ್ಲಿ ಸಿಂಹ ಇರುತ್ತದೆ, ಚಿರತೆ ಇರುತ್ತದೆ, ಮಾರಾ ನದಿಗೆ ಧುಮುಕುವ, ದನದಂತೆ ಕಾಣುವ ದೊಡ್ಡ ಹುಲ್ಲೆಗಳಾದ ವೈಲ್ಡ್‌ಬೀಸ್ಟ್ ಹಿಂಡು ಇರುತ್ತದೆ. ದನ ಮಾತ್ರ ಇರುವುದಿಲ್ಲ. ಅರುಷಾದಿಂದ ಹೊರಟು, ಗೊರೊಂಗೊರೊ ಕುಳಿಯ ಅಂಚನ್ನು ಬಳಸಿ, ಉದ್ಯಾನದ ನಾಬಿ ಹಿಲ್ ಗೇಟಿನ ಕಡೆಗೆ ಇಳಿಯುವ ದಾರಿಯಲ್ಲಿ, ದನ ಸಾಕಿ ಬದುಕುವ ಮಾಸಾಯಿ ಜನರ ದನಗಳು ಮೇಯುತ್ತಿರುತ್ತವೆ. ಆದರೆ ಕ್ಯಾಮೆರಾ ಚೀಲದಿಂದ ಹೊರಬರುವುದು ಗೇಟು ದಾಟಿದ ಮೇಲೆ. ದುಡಿಮೆಯ ವರ್ಷಗಳನ್ನೆಲ್ಲ ಪಶುವೈದ್ಯನಾಗಿ ಕಳೆದ ನನಗೆ ಇದನ್ನು ಹೇಳದೆ ಇರಲಾಗುತ್ತಿಲ್ಲ: ಗೇಟಿನ ಆಚೆಗೆ ನಾವು ಲಕ್ಷಾಂತರ ರೂಪಾಯಿ ಕೊಟ್ಟು ನೋಡುವ ಹಿಂಡು ಈ ಪ್ರಮಾಣದಲ್ಲಿ ಇರುವುದು ಗೇಟಿನ ಈಚೆಗೆ ಮೇಯುವ ದನಗಳಿಗೆ ಹಾಕಿದ ಲಸಿಕೆಯಿಂದ.

ಮಗಳು ಅಳಿಯನ ಜೊತೆ ನಾನು ಹೋದದ್ದು ಫೆಬ್ರವರಿಯಲ್ಲಿ. ನದಿ ದಾಟುವ ದೃಶ್ಯ ಬೇಕೆನ್ನುವವರು ಜುಲೈನಿಂದ ಸೆಪ್ಟೆಂಬರ್ ಒಳಗೆ ಹೋಗುತ್ತಾರೆ. "ಅಪ್ಪ, ನಿಮಗೆ ಕರು ಹಾಕುವ ಕಾಲ ಇಷ್ಟವಾಗುತ್ತದೆ" ಎಂದು ಮಗಳೇ ದಿನ ಗೊತ್ತು ಮಾಡಿದಳು. ಅವಳ ಲೆಕ್ಕ ಸರಿಯಾಗಿತ್ತು. ಆ ಹೊತ್ತಿಗೆ ಇಡೀ ಹಿಂಡು ಸೆರೆಂಗೆಟಿಯ ದಕ್ಷಿಣಕ್ಕೆ, ನ್ದುಟು ಸುತ್ತಲಿನ ಗಿಡ್ಡ ಹುಲ್ಲಿನ ಬಯಲಿಗೆ ಬಂದಿರುತ್ತದೆ. ವರ್ಷದ ಹೆಚ್ಚುಪಾಲು ಕರುಗಳು ಎರಡು ಮೂರು ವಾರಗಳ ಒಳಗೆ ಹುಟ್ಟಿಬಿಡುತ್ತವೆ. ಕತ್ತೆಕಿರುಬಗಳು ಎಷ್ಟು ತಿಂದರೂ ಮುಗಿಯದಷ್ಟು ಕರುಗಳು ಒಟ್ಟಿಗೆ ನೆಲಕ್ಕೆ ಬೀಳುವುದೇ ಅವುಗಳ ರಕ್ಷಣೆ.

ನಮ್ಮ ಗಾಡಿಯಿಂದ ಸ್ವಲ್ಪ ದೂರದಲ್ಲೇ ಒಂದು ತಾಯಿ ಮಲಗಿತು, ಎದ್ದಿತು, ಮತ್ತೆ ಮಲಗಿತು. ಮುಂಗಾಲು ಎರಡು, ಅವುಗಳ ಮೇಲೆ ಮೂತಿ, ಎಲ್ಲವೂ ಇರಬೇಕಾದ ಹಾಗೆ. ಕರು ಬಿದ್ದ ಕೂಡಲೇ ತಾಯಿ ತಿರುಗಿ ನೆಕ್ಕತೊಡಗಿತು. ಕಂದು ಬಣ್ಣದ ಕರು ಎರಡು ಸಲ ಮುಗ್ಗರಿಸಿತು. ನಾವು ನೀರಿನ ಬಾಟಲಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವಷ್ಟರಲ್ಲಿ ಅದು ತಾಯಿಯ ಪಕ್ಕದಲ್ಲಿ ಓಡುತ್ತಿತ್ತು. ತಾಯಿಯ ಕಸ, ಅಂದರೆ ಮಾಸು, ಇನ್ನೂ ಬಿದ್ದಿರಲಿಲ್ಲ. ಕಂದೀಲಿನ ಬೆಳಕಿನಲ್ಲಿ ಕೊಟ್ಟಿಗೆಯ ನೆಲದ ಮೇಲೆ ಕುಳಿತು ಹೆರಿಗೆ ಮಾಡಿಸಿದ ನನ್ನಂಥವನಿಗೆ, ಯಾರ ಕೈಯೂ ತಾಗದೆ ನಡೆದುಹೋದ ಆ ಹುಟ್ಟು ಕೊಟ್ಟ ಸಂತೋಷವನ್ನು ಯಾವ ಸಿಂಹವೂ ಕೊಡಲಿಲ್ಲ.

ಅವು ಅಲ್ಲಿಗೇ ಬರುವುದಕ್ಕೆ ಕಾರಣ ಮಣ್ಣು. ಗೊರೊಂಗೊರೊ ಎತ್ತರದ ಜ್ವಾಲಾಮುಖಿಗಳು ಉಗುಳಿದ ಬೂದಿ ಆ ಬಯಲಿನ ಮೇಲೆ ಹಾಸಿಕೊಂಡಿದೆ. ಹುಲ್ಲಿನಲ್ಲಿ ಸುಣ್ಣ, ರಂಜಕ ತುಂಬಿರುತ್ತದೆ. ಹಾಲು ಕರೆಯುವ ಹಸುವಿಗೆ ಖನಿಜ ಮಿಶ್ರಣ ಕೊಡಿ ಎಂದು ಊರೂರು ಸುತ್ತಿ ಹೇಳಿದವನು ನಾನು. ಅಲ್ಲಿ ಅದನ್ನು ಹುಲ್ಲೇ ಕೊಡುತ್ತದೆ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಹಿರಿಯರು ದೊಡ್ಡರೋಗ ಎಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಇಂದಿನ ಹುಡುಗರಿಗೆ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ನಮ್ಮ ವೃತ್ತಿಯ ದೊಡ್ಡ ಗೆಲುವು. ಜ್ವರ, ಬಾಯಿ ತುಂಬ ಹುಣ್ಣು, ಕಣ್ಣೀರು, ನಾರುವ ಭೇದಿ, ಕೆಲವೇ ದಿನಗಳಲ್ಲಿ ಸಾವು. ಊರಿಗೆ ಊರೇ ಕೊಟ್ಟಿಗೆ ಖಾಲಿ ಮಾಡಿಕೊಳ್ಳುತ್ತಿತ್ತು. ಮಾರಿಯನ್ನು ಗಡಿ ದಾಟಿಸುವುದೊಂದೇ ದಾರಿ ಎಂದು ಜನ ನಂಬಿದ್ದ ಕಾಲ ಅದು. ಈ ರೋಗ 1887ರ ಸುಮಾರಿಗೆ ಇಟಲಿಯ ಸೇನೆಗಾಗಿ ಕೆಂಪು ಸಮುದ್ರದ ಮಸ್ಸಾವಾ ಬಂದರಿನಲ್ಲಿ ಇಳಿದ ದನಗಳ ಜೊತೆ ಪೂರ್ವ ಆಫ್ರಿಕಾಕ್ಕೆ ಹೋಯಿತು ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಆ ದನಗಳು ಭಾರತದಿಂದ ಹೋಗಿದ್ದವು ಎಂದು ಹಲವರು ಬರೆದಿದ್ದಾರೆ. ಹತ್ತು ವರ್ಷದೊಳಗೆ ಅದು ಖಂಡದ ದಕ್ಷಿಣದ ತುದಿಯನ್ನು ಮುಟ್ಟಿತು. ಮಾಸಾಯಿಗಳು ತಮ್ಮ ದನಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟನ್ನು ಕಳೆದುಕೊಂಡರು. ಹಿಂದೆಯೇ ಸಿಡುಬು, ಬರಗಾಲ. 1892ರಲ್ಲಿ ಗೊರೊಂಗೊರೊಗೆ ಬಂದ ಆಸ್ಟ್ರಿಯಾದ ಅನ್ವೇಷಕ ಆಸ್ಕರ್ ಬೌಮನ್ ಕಂಡದ್ದು ಎಲುಬಿನ ಗೂಡಾಗಿದ್ದ ಹೆಂಗಸರನ್ನು, ಮಕ್ಕಳನ್ನು. ಕಾಡೆಮ್ಮೆಗಳೂ ವೈಲ್ಡ್‌ಬೀಸ್ಟ್‌ಗಳೂ ಅದೇ ರೋಗದಿಂದ ಸತ್ತು ಬಿದ್ದವು.

ದನವೂ ಜನವೂ ಇಲ್ಲದ ಕಡೆ ಪೊದೆ ಬೆಳೆಯಿತು, ಪೊದೆಯ ಜೊತೆ ದನಕ್ಕೂ ಜನಕ್ಕೂ ರೋಗ ಹರಡುವ ತ್ಸೆತ್ಸೆ ನೊಣ ಬಂತು. ಆಮೇಲೆ ಬಂದ ಯುರೋಪಿನ ಬೇಟೆಗಾರರೂ ಅಧಿಕಾರಿಗಳೂ ಆ ನೆಲವನ್ನು ನೋಡಿ ಮನುಷ್ಯ ಕಾಲಿಡದ ಆದಿಕಾಡು ಎಂದುಕೊಂಡರು. ಸತ್ತವರ ಊರು ಅದು. ಅಲ್ಲಿ ಹುಟ್ಟಿದ ಆ ಕಲ್ಪನೆಯ ಮೇಲೆಯೇ 1951ರಲ್ಲಿ ರಾಷ್ಟ್ರೀಯ ಉದ್ಯಾನ ನಿಂತಿತು. 1959ರಲ್ಲಿ ಮಾಸಾಯಿಗಳನ್ನು ಸೆರೆಂಗೆಟಿಯಿಂದ ಹೊರಗೆ ಕಳಿಸಿ, ಪಕ್ಕದ ಗೊರೊಂಗೊರೊ ಸಂರಕ್ಷಣಾ ಪ್ರದೇಶದಲ್ಲಿ ದನಗಳ ಸಮೇತ ಬದುಕಬಹುದು ಎಂದು ಮಾತು ಕೊಡಲಾಯಿತು.

ಅದೇ ಹೊತ್ತಿಗೆ ನೈರೋಬಿ ಹತ್ತಿರದ ಮುಗುಗಾ ಪ್ರಯೋಗಾಲಯದಲ್ಲಿ ವಾಲ್ಟರ್ ಪ್ಲೌರೈಟ್ ಎಂಬ ಪಶುವೈದ್ಯ ವಿಜ್ಞಾನಿ ಮತ್ತು ಅವರ ಜೊತೆಗಾರರು ರೋಗದ ವೈರಸ್ಸನ್ನು ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಕಸುವು ಇಳಿಸಿ, ಲಸಿಕೆ ಮಾಡಿದರು. ಒಮ್ಮೆ ಚುಚ್ಚಿದರೆ ದನಕ್ಕೆ ಬಾಳಿನುದ್ದಕ್ಕೂ ರಕ್ಷಣೆ. ಪ್ಲೌರೈಟ್ ಅವರಿಗೆ 1999ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಸೆರೆಂಗೆಟಿಯ ಸುತ್ತಲಿನ ದನಗಳಿಗೆ ಲಸಿಕೆ ಬೀಳುತ್ತಿದ್ದಂತೆ ನಡೆದದ್ದನ್ನು ನಾನು ಓದಿದಾಗಲೆಲ್ಲ ಮೈ ಝುಂ ಎನ್ನುತ್ತದೆ. ಯಾರೂ ಬಯಲಿಗೆ ಹೋಗಿ ವೈಲ್ಡ್‌ಬೀಸ್ಟ್‌ಗೆ ಚುಚ್ಚುಮದ್ದು ಹಾಕಲಿಲ್ಲ. ಆದರೂ 1963ರ ಹೊತ್ತಿಗೆ ಅವುಗಳಲ್ಲಿ ರೋಗ ನಿಂತುಹೋಯಿತು. ರೋಗದ ಬೇರು ಇದ್ದದ್ದು ದನದಲ್ಲಿ. ಕಾಡುಪ್ರಾಣಿಗೆ ಅದು ದನದಿಂದ ಹರಡುತ್ತಿತ್ತು. ಅಲ್ಲಿಯವರೆಗೆ ವರ್ಷ ತುಂಬುವುದರೊಳಗೆ ಸಾಯುತ್ತಿದ್ದ ಕರುಗಳು ಬದುಕಿ ಬೆಳೆದವು. 1961ರಲ್ಲಿ ಎರಡೂವರೆ ಲಕ್ಷದ ಆಸುಪಾಸಿನಲ್ಲಿದ್ದ ವೈಲ್ಡ್‌ಬೀಸ್ಟ್ ಸಂಖ್ಯೆ 1970ರ ದಶಕ ಮುಗಿಯುವ ಮೊದಲೇ ಹದಿಮೂರು ಲಕ್ಷ ದಾಟಿತು.

ಅಲ್ಲಿಗೇ ನಿಲ್ಲಲಿಲ್ಲ. ಅಷ್ಟು ಬಾಯಿಗಳು ಹುಲ್ಲು ಮೇದಾಗ ಬೇಸಿಗೆಯಲ್ಲಿ ಉರಿಯಲು ಒಣಹುಲ್ಲು ಉಳಿಯಲಿಲ್ಲ. ಕಾಳ್ಗಿಚ್ಚು ಕಡಿಮೆಯಾಯಿತು. ಕಿಚ್ಚು ಕಡಿಮೆಯಾದ ಕಡೆ ಮರಗಳು ಮೇಲೆದ್ದವು. ಇಂದು ನಾವು ಸೆರೆಂಗೆಟಿಯ ನಡುವಿನ ಸೆರೊನೆರಾ ಸುತ್ತ ಜಾಲಿಮರದ ನೆರಳಿನಲ್ಲಿ ಚಿರತೆ ಹುಡುಕುತ್ತೇವಲ್ಲ, ಆ ನೆರಳಿಗೂ ಲಸಿಕೆಗೂ ಸಂಬಂಧವಿದೆ. ಇದನ್ನು ಸಫಾರಿಯ ಯಾವ ಕರಪತ್ರವೂ ಹೇಳುವುದಿಲ್ಲ.

ನಮ್ಮ ನೆಲಕ್ಕೂ ಇದು ದೂರದ ಕಥೆಯಲ್ಲ. 1968ರಲ್ಲಿ ಬಂಡೀಪುರ, ಮುದುಮಲೆಯ ಕಾಟಿಗಳು ಗುಂಪು ಗುಂಪಾಗಿ ಸತ್ತದ್ದು ಇದೇ ದೊಡ್ಡರೋಗದಿಂದ. ನಾನು ನೌಕರಿಗೆ ಸೇರಿದ ಕಾಲದಲ್ಲಿ ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ, ಲಸಿಕೆ ಬಿಸಿಯಾಗುವುದರೊಳಗೆ ಹಳ್ಳಿ ಮುಟ್ಟಬೇಕೆಂದು ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದೆವು. ಹಾಲು ಕಡಿಮೆಯಾಗುತ್ತದೆ ಎಂದು ಹಸುವನ್ನು ಅಡಗಿಸಿಡುತ್ತಿದ್ದ ಅಜ್ಜಿಯರನ್ನು ಒಪ್ಪಿಸುವುದೇ ಅರ್ಧ ಕೆಲಸ. 2011ರಲ್ಲಿ ರೋಗ ಭೂಮಿಯಿಂದಲೇ ಅಳಿಯಿತು ಎಂಬ ಘೋಷಣೆ ಬಂತು. ಮನುಷ್ಯ ಹೀಗೆ ಬೇರು ಸಮೇತ ಕಿತ್ತ ರೋಗಗಳು ಎರಡೇ: ಸಿಡುಬು ಮತ್ತು ಇದು. ಈಗ ಬಂಡೀಪುರದಲ್ಲಿ ಕಾಟಿ ಕಂಡಾಗ ನನಗೆ ನೆನಪಾಗುವುದು ಆ ಥರ್ಮಾಸು ಹೊತ್ತ ಜವಾನರು, ಲಸಿಕೆಗಾರರು.

ಹೀಗಿರುವಾಗ ಮಾಸಾಯಿಯ ದನವನ್ನು ಕಾಡಿನ ಶತ್ರು ಎನ್ನುವ ಮಾತು ನನಗೆ ಸಹಿಸಲಾಗುವುದಿಲ್ಲ. ಗೊರೊಂಗೊರೊದ ಒಂದು ಹಟ್ಟಿಗೆ ನಮ್ಮನ್ನು ಕರೆದೊಯ್ದಿದ್ದರು. ಮುಳ್ಳುಬೇಲಿಯ ರೊಪ್ಪ, ನಡುವೆ ಕರುಗಳು. ಡುಬ್ಬ, ಗಂಗೆದೊಗಲು ಎಲ್ಲ ಇರುವ ದನಗಳು. ಚಳ್ಳಕೆರೆ ಕಡೆಯ ಯಾವುದೋ ಹಟ್ಟಿಗೆ ಬಂದೆನೇ ಅನ್ನಿಸಿತು. ಪಕ್ಕದ ಗಾಡಿಯಲ್ಲಿ ಬಂದಿದ್ದ ನಮ್ಮ ದೇಶದವರೊಬ್ಬರು, "ಇವರನ್ನೆಲ್ಲ ಖಾಲಿ ಮಾಡಿಸಿದರೆ ಪ್ರಾಣಿಗಳು ಇನ್ನೂ ಹೆಚ್ಚುತ್ತವೆ" ಎಂದರು, ಅವರ ಅಂಗಳದಲ್ಲೇ ನಿಂತು. ನಾನು ಗೈಡ್ ಮೂಲಕ ಮನೆಯ ಹಿರಿಯರನ್ನು ಮಾತಾಡಿಸಿದೆ. ವೈಲ್ಡ್‌ಬೀಸ್ಟ್ ಕರು ಹಾಕುವ ಕಾಲದಲ್ಲಿ ದನಗಳನ್ನು ಎಲ್ಲಿ ಮೇಯಿಸುತ್ತೀರಿ ಎಂದು ಕೇಳಿದ್ದಕ್ಕೆ ಅವರು ಬೆಟ್ಟದ ಕಡೆ ಕೈ ತೋರಿಸಿದರು.

ಅದರ ಹಿಂದಿನ ಕಾರಣ ಇದು. ಎಳೆಯ ವೈಲ್ಡ್‌ಬೀಸ್ಟ್ ಕರುಗಳು ಒಂದು ಬಗೆಯ ಹರ್ಪಿಸ್ ವೈರಸ್ಸನ್ನು ಮೂಗು, ಕಣ್ಣಿನ ದ್ರವದಲ್ಲಿ ಹೊರಹಾಕುತ್ತವೆ. ಅವುಗಳಿಗೆ ಅದರಿಂದ ಏನೂ ಆಗುವುದಿಲ್ಲ. ದನಕ್ಕೆ ತಗುಲಿದರೆ ಕಣ್ಣುಗುಡ್ಡೆ ಬೆಳ್ಳಗಾಗಿ, ದುಗ್ಧಗ್ರಂಥಿಗಳು ಊದಿ, ಹೆಚ್ಚುಕಡಿಮೆ ಖಚಿತವಾದ ಸಾವು. ಹಾಗಾಗಿ ವರ್ಷದ ಅತ್ಯುತ್ತಮ ಹುಲ್ಲು ಹಸಿರಾಗಿರುವ ಆ ವಾರಗಳಲ್ಲಿ ಅವರು ಬಯಲನ್ನು ಬಿಟ್ಟುಕೊಟ್ಟು, ಒರಟು ಹುಲ್ಲಿನ ಎತ್ತರಕ್ಕೆ ದನ ಹೊಡೆದುಕೊಂಡು ಹೋಗುತ್ತಾರೆ. ನಾನು ನ್ದುಟುವಿನಲ್ಲಿ ಸಂತೋಷದಿಂದ ನೋಡಿದ ಆ ಹೆರಿಗೆಯ ಬೆಲೆಯಲ್ಲಿ ಒಂದು ಪಾಲನ್ನು ಆ ಮನೆಯವರು ತೆತ್ತಿದ್ದರು. ದನದ ಲಸಿಕೆಯಿಂದ ಹಿಂಡು ಬೆಳೆಯಿತು, ಬೆಳೆದ ಹಿಂಡು ದನದ ಹುಲ್ಲು ಕಿತ್ತುಕೊಂಡಿತು. ಈ ಲೆಕ್ಕವನ್ನು ಯಾರೂ ಅವರಿಗೆ ತೀರಿಸಿಲ್ಲ.

2022ರಲ್ಲಿ ತಾಂಜಾನಿಯಾ ಸರ್ಕಾರ ಗೊರೊಂಗೊರೊದ ಮಾಸಾಯಿಗಳನ್ನು ದೂರದ ಹಂಡೇನಿ ಜಿಲ್ಲೆಯ ಮ್ಸೊಮೆರಾಕ್ಕೆ ಸಾಗಿಸತೊಡಗಿತು. ಅದೇ ವರ್ಷ ಸೆರೆಂಗೆಟಿಯ ಪಕ್ಕದ ಲೊಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಹುಲ್ಲುಗಾವಲಿಗೆ ಗಡಿಕಲ್ಲು ನೆಟ್ಟು ದನಗಳನ್ನು ಹೊರಗಿಟ್ಟಿತು. 2024ರ ಆಗಸ್ಟ್‌ನಲ್ಲಿ ಸಾವಿರಾರು ಮಾಸಾಯಿಗಳು ಸಫಾರಿ ರಸ್ತೆಗೇ ಬಂದು ಪ್ರತಿಭಟಿಸಿದರು. ಜನ ಹೆಚ್ಚಿದ್ದಾರೆ, ದನ ಹೆಚ್ಚಿವೆ ಎಂಬುದು ಸರ್ಕಾರದ ವಾದ. 1959ರಲ್ಲಿ ಎಂಟು ಸಾವಿರದಷ್ಟಿದ್ದ ಜನಸಂಖ್ಯೆ ಒಂದು ಲಕ್ಷ ದಾಟಿದೆ ಎನ್ನುತ್ತಾರೆ. ಹುಲ್ಲಿಗೆ ಮಿತಿ ಇದೆ ಎಂಬುದನ್ನು ಪಶುವೈದ್ಯನಾದ ನಾನು ಅಲ್ಲಗಳೆಯುವುದಿಲ್ಲ. ಆದರೆ ದನ ಎಷ್ಟಿರಬೇಕು ಎಂಬುದನ್ನು ದನ ಕಾಯುವವರನ್ನು ಕೂರಿಸಿಕೊಂಡು ತೀರ್ಮಾನಿಸಬೇಕು. 2025ರ ಜುಲೈನಲ್ಲಿ ಉತ್ತರ ಸೆರೆಂಗೆಟಿಯ ಕೊಗಟೆಂಡೆಯಲ್ಲಿ ಪ್ರವಾಸಿಗರು ಗಾಡಿ ಇಳಿದು ನದಿ ದಂಡೆಯಲ್ಲಿ ಸಾಲುಗಟ್ಟಿ, ಹಿಂಡಿನ ದಾರಿಗೆ ಅಡ್ಡ ನಿಂತ ವಿಡಿಯೊ ಲೋಕವೆಲ್ಲ ನೋಡಿತು. ಹಿಂಡಿಗೆ ತೊಂದರೆ ಕೊಡುವವರ ಪಟ್ಟಿ ಬರೆಯುವುದಾದರೆ ಮೊದಲು ನಮ್ಮ ಗಾಡಿಗಳ ಹೆಸರು ಬರೆಯಬೇಕು.

1994ರಲ್ಲಿ ನಾಯಿಗಳ ಡಿಸ್ಟೆಂಪರ್ ರೋಗ ಸೆರೆಂಗೆಟಿಯ ಸಿಂಹಗಳಿಗೆ ತಗುಲಿ ಮೂರರಲ್ಲಿ ಒಂದು ಪಾಲು ಸತ್ತವು. ಆಮೇಲೆ ಸುತ್ತಲಿನ ಹಳ್ಳಿಗಳಲ್ಲಿ ನಾಯಿಗಳಿಗೆ ಲಸಿಕೆ ಹಾಕುವ ಕೆಲಸ ದೊಡ್ಡದಾಗಿ ನಡೆಯಿತು. ಇಲ್ಲಿಯೂ ದಾರಿ ಹಾದುಹೋದದ್ದು ಜನರ ಅಂಗಳದ ಮೂಲಕವೇ.

ಈ ವರ್ಷ ಅತ್ತ ಹೋಗುವವರಲ್ಲಿ ಒಂದು ಕೋರಿಕೆ. ಗೊರೊಂಗೊರೊ ಇಳಿಯುವಾಗ ದನದ ಹಿಂಡು ಕಂಡರೆ ಗಾಡಿ ನಿಲ್ಲಿಸಲು ಹೇಳಿ. ಕೇಳಿಕೊಂಡು, ಒಪ್ಪಿದರೆ ಮಾತ್ರ ಫೋಟೊ ತೆಗೆಯಿರಿ. ಕರುಗಳ ಕಿವಿ ನೋಡಿ. ದನದ ರಕ್ತ ಹೀರುವ ಉಣುಗಿನಿಂದ ಹರಡುವ ಈಸ್ಟ್ ಕೋಸ್ಟ್ ಜ್ವರಕ್ಕೆ ಲಸಿಕೆ ಹಾಕಿದ ಕರುವಿಗೆ ಅಲ್ಲಿ ಕಿವಿ ಓಲೆ ಹಾಕುತ್ತಾರೆ. ಆ ಲಸಿಕೆಯೂ ಮುಗುಗಾದಲ್ಲೇ ಹುಟ್ಟಿದ್ದು, ಆ ರೋಗದ ಸೂಕ್ಷ್ಮಜೀವಿಯನ್ನು ತನ್ನ ಮೈಯಲ್ಲಿ ಸಾಕುವುದು ನೀವು ಮುಂದೆ ನೋಡಲಿರುವ ಕಾಡೆಮ್ಮೆ. ನಾನು ಮಾತಾಡಿಸಿದ ಹಿರಿಯರು ಆ ಲಸಿಕೆಗೆ ತಮ್ಮ ಕೈಯಿಂದಲೇ ದುಡ್ಡು ಕೊಟ್ಟಿದ್ದರು. ಒಂದು ಕರು ಮಾರಿ ಉಳಿದ ಕರುಗಳಿಗೆಲ್ಲ ಹಾಕಿಸಿದೆ ಎಂದರು.