ಆಯಿಲ್ ಜಾಸ್ತಿ ಹಾಕಿದರೆ ಬಾಳಿಕೆ ಜಾಸ್ತಿಯೇ?

ಪುಣೆಯಲ್ಲಿ ಹಳೇ ವೆಸ್ಪಾ, ಲ್ಯಾಂಬ್ರೆಟಾ ಸ್ಕೂಟರ್ ಸಾಕಿಕೊಂಡಿರುವ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಆಗಾಗ ಬರುತ್ತದೆ: ಹಳೇ ಇಟಾಲಿಯನ್ ಎಂಜಿನ್‌ಗೆ 2ಟಿ ಆಯಿಲ್ (ಟು-ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲ್ ಜೊತೆ ಬೆರೆಸುವ ಆಯಿಲ್) ದುಪ್ಪಟ್ಟು ಹಾಕಿ, ಬಾಳಿಕೆ ಬರುತ್ತದೆ.

ಇದು ತಪ್ಪು. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಆ ಭಯ ಎಲ್ಲರಿಗೂ ಇದ್ದದ್ದೇ ಅಲ್ವಾ. ಆದರೆ ಆಯಿಲ್ ಜಾಸ್ತಿಯಾದಷ್ಟೂ ಅದೇ ಅಳತೆಯಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಸರಿಯಾಗಿ ಉರಿಯದ ಆಯಿಲ್ ಸ್ಪಾರ್ಕ್ ಪ್ಲಗ್, ಪಿಸ್ಟನ್ ತಲೆ, ಸೈಲೆನ್ಸರ್‌ನಲ್ಲಿ ಮಸಿಯಾಗಿ ಕೂರುತ್ತದೆ. ಹೊಗೆಯ ಕಥೆ ಹಿಂದೆ ಬರುವವರನ್ನು ಕೇಳಿ.

ನಿಮ್ಮ ಮಾಡೆಲ್‌ನ ಕೈಪಿಡಿ ನೋಡಿ. ಶೇ 2 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್, ಅಷ್ಟೇ. 1950ರ ದಶಕದ ವೆಸ್ಪಾಗಳಿಗೆ ಶೇ 5 ಹೇಳಿದ್ದುಂಟು. ಆಗಿನ ಎಂಜಿನ್ ಬೇರೆ, ಆಯಿಲೂ ಬೇರೆ. ಮಾಡೆಲ್ ಯಾವುದು ಎಂದೇ ಹೇಳದ ಸಲಹೆಯನ್ನು ಸುಮ್ನೆ ನಂಬಬೇಡಿ.

ಪ್ಲಗ್ ಬಿಚ್ಚಿಯೂ ನೋಡಬಹುದು. ತಿಳಿ ಕಂದು ಇದ್ದರೆ ಸರಿ. ಒದ್ದೆಯಾಗಿ ಕಪ್ಪಾಗಿದ್ದರೆ ಆಯಿಲ್ ಜಾಸ್ತಿ ಇರಬಹುದು, ಕಾರ್ಬ್ಯುರೇಟರ್ ತಪ್ಪೂ ಇರಬಹುದು. ಅಳೆಯಲು ನಾನು ಮಗಳ ಹಳೇ ಹಾಲಿನ ಬಾಟಲಿ ಇಟ್ಟುಕೊಂಡಿದ್ದೇನೆ. ಗೆರೆಗಳು ಇನ್ನೂ ಚೆನ್ನಾಗಿ ಕಾಣುತ್ತವೆ.