ಹತ್ತು ಸಲ ಒತ್ತಿ ನೋಡಿ, ಆಮೇಲೆ ಕ್ಯಾಮೆರಾ ಹೊಗಳಿ

ದುಬಾರಿ ಫೋನುಗಳ ಕ್ಯಾಮೆರಾ ಹೋಲಿಕೆ ಅಂದರೆ ಬಿಸಿಲಲ್ಲಿ ತೆಗೆದ ಹೂವಿನ ಎರಡು ಫೋಟೊ ಅಕ್ಕಪಕ್ಕ ಇಟ್ಟು ‘ಯಾವುದು ಚೆನ್ನಾಗಿದೆ?’ ಅಂತ ಕೇಳುವುದೇ ರೂಢಿಯಾಗಿಬಿಟ್ಟಿದೆ. ಬಿಸಿಲಿನ ಹೂವನ್ನು ಕೆಡಿಸಿ ತೆಗೆಯುವುದು ಈಗ ಯಾವ ಫೋನಿಗೂ ಕಷ್ಟ! ಹೆಚ್ಚು ಕೊಟ್ಟ ದುಡ್ಡು ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಬೆಳಕು ಕಮ್ಮಿಯಿದ್ದು ಎದುರಿಗಿದ್ದವರು ಅಲ್ಲಾಡುತ್ತಿರುವಾಗ. ಅದೂ ಒಂದೇ ಫೋಟೊದಿಂದ ತಿಳಿಯುವುದಿಲ್ಲ. ಒಂದೇ ದೃಶ್ಯವನ್ನು ಹತ್ತು ಸಲ ತೆಗೆದು, ಇಟ್ಟುಕೊಳ್ಳುವಂಥವು ಎಷ್ಟಿವೆ ಎಂದು ಎಣಿಸಬೇಕು. ಹತ್ತರಲ್ಲಿ ಮೂರು ಅದ್ಭುತವಾಗಿ ಕೊಟ್ಟು ಏಳು ಕೆಡಿಸುವ ಫೋನಿಗಿಂತ, ಎಂಟನ್ನು ಅಚ್ಚುಕಟ್ಟಾಗಿ ಕೊಡುವ ಫೋನೇ ಮೇಲು ಅನ್ನೋದು ನನ್ನ ಲೆಕ್ಕ.

ಶುರು ಮಾಡುವ ಮುಂಚೆ ಲೆನ್ಸ್ ಒರೆಸಿ. ತಮಾಷೆಯಲ್ಲ. ಬೆರಳಿನ ಜಿಡ್ಡು ಹತ್ತಿದ ಗಾಜಿನಲ್ಲಿ ದೀಪದ ಬೆಳಕು ಗೆರೆಗೆರೆಯಾಗಿ ಹರಡಿ, ಇಡೀ ಫೋಟೊಗೆ ಹಾಲು ಚೆಲ್ಲಿದಂಥ ಮಂಕು ಬರುತ್ತದೆ. ಬೈಗುಳ ಮಾತ್ರ ಕ್ಯಾಮೆರಾಗೆ. ಮುಖ ನುಣುಪಾಗಿಸುವ ಬ್ಯೂಟಿ ಆಯ್ಕೆ ಆಫ್ ಇರಲಿ. ಇನ್ನೊಂದು ಮಾತು, ಎರಡು ಫೋನಿನ ಫೋಟೊಗಳನ್ನು ಅವವುಗಳ ಪರದೆಯಲ್ಲೇ ನೋಡಿ ತೀರ್ಪು ಕೊಡಬೇಡಿ. ಈಚಿನ ಫೋನುಗಳು ಫೋಟೊದ ಜೊತೆಗೆ ಎಲ್ಲೆಲ್ಲಿ ಎಷ್ಟು ಬೆಳಗಬೇಕೆಂಬ ನಕ್ಷೆಯೊಂದನ್ನೂ ಉಳಿಸಿಡುತ್ತವೆ. ಆಂಡ್ರಾಯ್ಡ್ 14ರಲ್ಲಿ ಅಲ್ಟ್ರಾ ಎಚ್‌ಡಿಆರ್ ಎಂದು ಬಂದದ್ದು ಇದೇ. ಅದನ್ನು ಓದಿ ಪರದೆ ಆಕಾಶವನ್ನೂ ದೀಪಗಳನ್ನೂ ಝಗಝಗ ಅನ್ನಿಸುತ್ತದೆ. ಅಲ್ಲಿ ನೀವು ಹೊಗಳುತ್ತಿರುವುದು ಪರದೆಯನ್ನು. ಮೂಲ ಫೈಲುಗಳನ್ನು ಒಂದೇ ಕಂಪ್ಯೂಟರ್‌ಗೆ ಹಾಕಿ ನೋಡಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ.

ಮೆಗಾಪಿಕ್ಸೆಲ್ ವಿಷಯ ಬೇಗ ಮುಗಿಸೋಣ. 2023ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್23 ಅಲ್ಟ್ರಾದ್ದು 200 ಮೆಗಾಪಿಕ್ಸೆಲ್ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್). ಒಂದೊಂದು ಪಿಕ್ಸೆಲ್ 0.6 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಬೆಳಕು ಸಾಲದೆಂದು ಹದಿನಾರನ್ನು ಸೇರಿಸಿ 2.4 ಮೈಕ್ರಾನಿನ ಒಂದು ಪಿಕ್ಸೆಲ್ ಮಾಡಿಕೊಂಡಾಗ ಕೈಗೆ ಬರುವುದು ಸುಮಾರು 12 ಮೆಗಾಪಿಕ್ಸೆಲ್. ನೋಡಬೇಕಾದದ್ದು ಸೆನ್ಸರಿನ ಅಳತೆ. ಅಲ್ಲೂ ಒಂದು ಮೋಜಿದೆ: ‘ಒಂದು ಇಂಚಿನ ಸೆನ್ಸರ್’ನ ಮೂಲೆಯಿಂದ ಮೂಲೆಗೆ ಇರುವುದು ಸುಮಾರು 16 ಮಿಲಿಮೀಟರ್. ಹಳೇ ವಿಡಿಯೊ ಕ್ಯಾಮೆರಾಗಳ ಟ್ಯೂಬಿನ ಅಳತೆಯ ಹೆಸರು ಹಾಗೇ ಉಳಿದುಕೊಂಡಿದೆ.

ದೊಡ್ಡ ಸೆನ್ಸರ್ ಬೆಳಕು ಹೆಚ್ಚು ತರುತ್ತದೆ, ಆದರೆ ಹತ್ತಿರದ ವಸ್ತುವಿನಲ್ಲಿ ಸೋಲುತ್ತದೆ. ಐಫೋನ್ 13 ಪ್ರೊದ ಮುಖ್ಯ ಕ್ಯಾಮೆರಾ 15 ಸೆಂಟಿಮೀಟರ್ ಹತ್ತಿರದವರೆಗೆ ಫೋಕಸ್ ಮಾಡುತ್ತಿತ್ತು. ಸೆನ್ಸರ್ ದೊಡ್ಡದಾದ 14 ಪ್ರೊದಲ್ಲಿ ಅದು 20ಕ್ಕೆ ಹೋಯಿತು. ಅದಕ್ಕಿಂತ ಹತ್ತಿರ ಹೋದರೆ ಫೋನು ಸದ್ದಿಲ್ಲದೆ, ಹೆಚ್ಚು ಅಗಲ ಕಾಣಿಸುವ ಇನ್ನೊಂದು ಲೆನ್ಸಾದ ಅಲ್ಟ್ರಾವೈಡ್‌ಗೆ ಹಾರುತ್ತದೆ. ಮುದ್ರಿತ ಪುಟವೊಂದನ್ನು ಹತ್ತಿರದಿಂದ ತೆಗೆದು ನೋಡಿ: ನಡುವಿನ ಸಾಲು ಚೂಪಾಗಿದ್ದು ಅಂಚಿನ ಅಕ್ಷರಗಳು ಮಬ್ಬಾಗಿದ್ದರೆ, ದಾಖಲೆಗಳ ಫೋಟೊ ದಿನವೂ ತೆಗೆಯುವವರಿಗೆ ಆ ಫೋನು ಕಿರಿಕಿರಿಯೇ.

ಈಗ ಅಸಲಿ ಪರೀಕ್ಷೆ. ರಾತ್ರಿ, ಮನೆಯೊಳಗೆ, ಒಂದೇ ದೀಪ. ಎರಡು ಮೀಟರ್ ದೂರದಲ್ಲಿ ಒಬ್ಬರನ್ನು ಕೂರಿಸಿ, ಮಾತಾಡುತ್ತಾ ಚಪ್ಪಾಳೆ ತಟ್ಟಲು ಹೇಳಿ. ಹತ್ತು ಫೋಟೊ. ಆಮೇಲೆ ಹಿಂದಿನ ಗೋಡೆ ನೋಡಬೇಡಿ, ಅದು ಯಾವತ್ತೂ ಚೆನ್ನಾಗಿಯೇ ಬರುತ್ತದೆ. ರೆಪ್ಪೆಗೂದಲು ಮತ್ತು ಬೆರಳು ನೋಡಿ. ಕೂದಲಿನ ಎಳೆಗಳು ಒಂದಕ್ಕೊಂದು ಅಂಟಿ ಬಣ್ಣ ಬಳಿದಂತಾಗಿದ್ದರೆ ನಾಯ್ಸ್ (ಕಮ್ಮಿ ಬೆಳಕಿನಲ್ಲಿ ಮೂಡುವ ಕಾಳುಕಾಳು) ಅಳಿಸುವ ಭರದಲ್ಲಿ ವಿವರವನ್ನೂ ಅಳಿಸಿದ್ದಾರೆ ಎಂದರ್ಥ. ಒಂದು ಬೆರಳಿಗೆ ಎರಡು ಅಂಚು ಕಂಡರೆ ಹಲವು ಫ್ರೇಮುಗಳನ್ನು ಜೋಡಿಸುವಾಗ ತಪ್ಪಿದೆ. ಕೈ ಪೂರ್ತಿ ಹೊಗೆಯಂತಿದ್ದರೆ ಫೋಟೊದ ವಿವರಗಳಲ್ಲಿ ಶಟರ್ ವೇಗ (ಒಂದು ಚಿತ್ರಕ್ಕೆ ಬೆಳಕು ಹಿಡಿದ ಸಮಯ) ನೋಡಿ, 1/30 ಸೆಕೆಂಡ್‌ನ ಆಸುಪಾಸು ಇರುತ್ತದೆ. ಆಡುವ ಮಗುವನ್ನು ಹಿಡಿದಿಡಲು 1/250 ಆದರೂ ಬೇಕು. ಕೆಲವು ಫೋನುಗಳು ಐಎಸ್ಒ (ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕೆಂಬ ಮಟ್ಟ, ಏರಿದಷ್ಟೂ ಕಾಳುಕಾಳು ಹೆಚ್ಚು) ಏರಿಸಲು ಹೆದರಿ ಶಟರನ್ನು ನಿಧಾನ ಮಾಡುತ್ತವೆ, ನಿಂತ ವಸ್ತುಗಳ ಫೋಟೊ ನುಣ್ಣಗೆ ಬರಲಿ ಅಂತ. ಕಾಳುಕಾಳಾಗಿ ಬಂದರೂ ಪರವಾಗಿಲ್ಲ, ಮುಖ ಕಲಸಿಹೋಗಬಾರದು.

ಒತ್ತಿದ ಕ್ಷಣಕ್ಕೂ ಸಿಕ್ಕ ಕ್ಷಣಕ್ಕೂ ಎಷ್ಟು ಅಂತರ? ಇನ್ನೊಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಸರಿಯಾಗಿ ಐದನೇ ಸೆಕೆಂಡ್ ಬಂದಾಗ ಒತ್ತಿ. ಫೋಟೊದಲ್ಲಿ 5.30 ಇದ್ದರೆ ನಿಮ್ಮ ಕೈಯ ತಡವೂ ಅದರಲ್ಲಿ ಸೇರಿದೆ. ಹಾಗಾಗಿ ಒಂದೇ ಕೈಯಲ್ಲಿ ಎರಡೂ ಫೋನನ್ನು ಹತ್ತತ್ತು ಸಲ ನೋಡಿ ಸರಾಸರಿ ಹೋಲಿಸಿ. ಒಳಗಿನ ಬೆಳಕಿನಲ್ಲೂ ಮಾಡಿ. ಹಗಲಲ್ಲಿ ಚುರುಕಾಗಿದ್ದದ್ದು ಅಲ್ಲಿ ತೂಕಡಿಸಬಹುದು.

ಜೂಮ್ ಪರೀಕ್ಷೆಗೆ ಒಂದು ಬೆರಳು ಸಾಕು. 5ಎಕ್ಸ್ (ಐದು ಪಟ್ಟು ಜೂಮ್) ಒತ್ತಿ, ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೊ ಲೆನ್ಸನ್ನು ಬೆರಳಿನಿಂದ ಮುಚ್ಚಿ. ಪರದೆ ಕಪ್ಪಾಗದೆ ಚಿತ್ರ ಹಾಗೇ ಇದ್ದರೆ ಫೋನು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತಿದೆ. ಮುಚ್ಚಿದ್ದಕ್ಕೇ ಕತ್ತಲೆಂದು ಭಾವಿಸಿ ಕೆಲವು ಫೋನು ಆಗ ಬದಲಾಯಿಸಿಕೊಳ್ಳುವುದೂ ಉಂಟು, ಆದ್ದರಿಂದ ಮುಚ್ಚಿದ ಮೊದಲ ಕ್ಷಣವನ್ನೇ ಗಮನಿಸಿ. ಬೆಳಕು ಕಮ್ಮಿಯಾದಾಗ, ವಸ್ತು ತೀರಾ ಹತ್ತಿರವಿದ್ದಾಗ ಈ ಕಳ್ಳಾಟ ಹೆಚ್ಚು. ಇನ್ನು 30ಎಕ್ಸ್, 100ಎಕ್ಸ್ ಪರೀಕ್ಷೆಗೆ ಚಂದ್ರನನ್ನು ಬಿಟ್ಟುಬಿಡಿ (ಅವನ ವಿವರವನ್ನು ತಂತ್ರಾಂಶ ತಾನೇ ತುಂಬಿಬಿಡಬಹುದು), ದೂರದ ಫಲಕದ ಸಣ್ಣ ಅಕ್ಷರ ತೆಗೆಯಿರಿ. ತಂತ್ರಾಂಶವೇ ವಿವರ ಕಲ್ಪಿಸಿಕೊಂಡಿದ್ದರೆ ಅಕ್ಷರದಂತೆ ಕಾಣುವ, ಆದರೆ ಯಾವ ಲಿಪಿಗೂ ಸೇರದ ಗೀಚುಗಳು ಸಿಗುತ್ತವೆ.

ಕಿಟಕಿಗೆ ಬೆನ್ನು ಮಾಡಿದ ಮುಖ, ಬೇರೆ ಬೇರೆ ಮೈಬಣ್ಣದ ಇಬ್ಬರು ಒಂದೇ ಫ್ರೇಮಿನಲ್ಲಿ: ಇವೆರಡೂ ಕಡ್ಡಾಯ. ಕಪ್ಪು ಮೈಬಣ್ಣವನ್ನು ಬೂದಿ ಬಳಿದಂತೆ ಬೆಳ್ಳಗಾಗಿಸಿದರೆ ನಾನಂತೂ ಅಂಕ ಕಡಿಯುತ್ತೇನೆ. ರಾತ್ರಿ ದೀಪ ಎಡ ಮೇಲ್ಮೂಲೆಯಲ್ಲಿದ್ದಾಗ ಬಲ ಕೆಳಮೂಲೆಯಲ್ಲಿ ಹಸಿರು ಚುಕ್ಕಿ ಬಂದರೆ ಅದು ಲೆನ್ಸಿನೊಳಗಿನ ಪ್ರತಿಫಲನ. ಒರೆಸಿದರೆ ಹೋಗದು, ಫೋನು ಕೊಂಚ ಓರೆ ಮಾಡಿದರೆ ಜಾಗ ಬದಲಿಸುತ್ತದೆ ಅಷ್ಟೆ.

ವಿಡಿಯೊಗೆ 4ಕೆ 60 ಫ್ರೇಮ್ ಇಟ್ಟು ಹತ್ತು ನಿಮಿಷ ನಿಲ್ಲಿಸದೆ ತೆಗೆಯಿರಿ. ಬಿಸಿಯಾಗಿ ಪರದೆ ಮಂಕಾಯಿತೇ, ರೆಕಾರ್ಡಿಂಗ್ ನಿಂತಿತೇ? ನಡುವೆ ಲೆನ್ಸ್ ಬದಲಿಸಿ ಬಣ್ಣ ಜಿಗಿಯುತ್ತದೆಯೇ ನೋಡಿ. ರಾತ್ರಿ ನಡೆಯುತ್ತಾ ತೆಗೆದಾಗ ಪ್ರತಿ ಹೆಜ್ಜೆಗೂ ದೀಪಗಳು ನಡುಗಿದರೆ ಅದು ಅಲುಗಾಟ ತಗ್ಗಿಸುವ ಸ್ಟೆಬಿಲೈಸೇಶನ್‌ನ ಮಿತಿ: ಚೌಕಟ್ಟನ್ನು ಸರಿಸಬಹುದು, ನಿಧಾನ ಶಟರಿನಲ್ಲಿ ಆಗಲೇ ಮೂಡಿದ ಮಬ್ಬನ್ನು ತೆಗೆಯಲಾಗದು. ಎಲ್‌ಇಡಿ ಕೆಳಗೆ ಅಡ್ಡಪಟ್ಟಿಗಳು ಹರಿದರೆ, ಶಟರನ್ನು ನೀವೇ ಹೊಂದಿಸಬಹುದಾದ ಪ್ರೊ ಮೋಡ್‌ನಲ್ಲಿ, 50 ಹರ್ಟ್ಜ್ ವಿದ್ಯುತ್ತಿದ್ದಲ್ಲಿ ಶಟರನ್ನು 1/100ಕ್ಕೆ, 60 ಇದ್ದಲ್ಲಿ 1/120ಕ್ಕೆ ಇಡಿ, ಸಾಮಾನ್ಯವಾಗಿ ಹೋಗುತ್ತವೆ.

ಈ ಫೈಲುಗಳನ್ನು ಅಳಿಸದೆ ಒಂದು ಫೋಲ್ಡರಿನಲ್ಲಿಡಿ. ದೊಡ್ಡ ಅಪ್‌ಡೇಟ್ ಬಂದಾಗ ಅದೇ ದೀಪ, ಅದೇ ಕುರ್ಚಿ, ಅದೇ ಚಪ್ಪಾಳೆ.