ಮಗುವಿಗೆ 1.25 ತೂಕ ಎಂದರೆ ಶಾಲೆಗೆ 25% ಹೆಚ್ಚು ಹಣ ಎಂದಲ್ಲ

ಮಕ್ಕಳ ಲೆಕ್ಕದಲ್ಲಿ ಶಾಲೆಗೆ ಹಣ ಕೊಡುವಾಗ ಸಾಮಾನ್ಯ ಮಗುವನ್ನು 1 ಎಂದೂ, ಹೆಚ್ಚು ನೆರವು ಬೇಕಾದ ಬಡ ಮಗುವನ್ನು 1.25 ಎಂದೂ ಎಣಿಸುವುದೇ ತೂಕದ ಸೂತ್ರ. ಬಡ ಮಕ್ಕಳಿರುವ ಸರ್ಕಾರಿ ಶಾಲೆಗಳ ಒಟ್ಟು ಅನುದಾನವೇ ಈ ಸೂತ್ರದಿಂದ 25% ಹೆಚ್ಚುತ್ತದೆ ಎಂಬ ಸಂದೇಶ ಹರಿದಾಡುತ್ತಿದೆ. ಅದು ತಪ್ಪು. ಹೆಚ್ಚುವರಿ 0.25 ಸೇರುವುದು ಅರ್ಹ ಮಗುವಿಗೆ ಮಾತ್ರ. ನೆದರ್‌ಲೆಂಡ್ಸ್ 1985ರಲ್ಲಿ ಜಾರಿಗೆ ತಂದ ಪದ್ಧತಿಯಲ್ಲೂ 1.25 ತೂಕ ಇದ್ದದ್ದು ಕಡಿಮೆ ಓದಿದ ಪೋಷಕರ ಮಕ್ಕಳಿಗೆ, ಇಡೀ ಶಾಲೆಗಲ್ಲ.

100 ಮಕ್ಕಳಲ್ಲಿ 40 ಮಂದಿ ಅರ್ಹರಿದ್ದರೆ, 40ನ್ನು 0.25ರಿಂದ ಗುಣಿಸಿ, ಬಂದ 10ನ್ನು 100ಕ್ಕೆ ಕೂಡಿಸಿ: 110 ಘಟಕ (ಒಂದು ಘಟಕವೆಂದರೆ ಒಬ್ಬ ಸಾಮಾನ್ಯ ಮಗುವಿಗೆ ಸಿಗುವ ಹಣ). ಅಂದರೆ ಹೆಚ್ಚಳ 10% ಮಾತ್ರ. ಇದಕ್ಕಿಂತ ಮುಖ್ಯವಾದದ್ದು ಎಣಿಕೆ. ಆದಾಯದ ಅರ್ಜಿ ನೋಡಿ ಎಣಿಸುವ ಕಡೆ, ಅರ್ಜಿ ಕೊಡದ ಮನೆಯ ಮಗು ಲೆಕ್ಕಕ್ಕೇ ಬರುವುದಿಲ್ಲ. 24 ಅರ್ಜಿಗಳಷ್ಟೇ ಬಂದರೆ ಶಾಲೆಗೆ 106 ಘಟಕ. ಉಳಿದ 4 ಘಟಕದ ಹಣ ಕೈತಪ್ಪುತ್ತದೆ. ಹಣ ಹೇಗೂ ಬರುತ್ತದೆಂದು ನಂಬಿದ ಪೋಷಕರು ಅರ್ಜಿಯನ್ನೇ ಬಿಟ್ಟುಬಿಡಬಹುದು. ಹಾಗಾಗಿ ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.